ಓದಿ ಹೇಳಲಾಗಿದೆ

ಮಾರ್ಚ್ 11

ತಮ್ಮಾ,

ಫೋನ್ ಮಾಡಿದರೆ ಎರಡು ನಿಮಿಷದಲ್ಲಿ ಮುಗಿಯುವ ಮಾತಿಗೆ ಪತ್ರ ಯಾಕೆ ಎಂದು ಮತ್ತೆ ಕೇಳಬೇಡ. ಫೋನಿನಲ್ಲಿ ನೀನು ಹೂಂ ಹೂಂ ಅನ್ನುತ್ತೀಯ, ಕೇಳಿಸಿಕೊಂಡೆಯೋ ಇಲ್ಲವೋ ಎನ್ನುವುದಕ್ಕೆ ದಾಖಲೆ ಇರುವುದಿಲ್ಲ. ನಗರಸಭೆಯ ರವಾನೆ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಕೂತವಳು ನಾನು. ನೀನೂ ಕಾಗದದಲ್ಲೇ ಉತ್ತರ ಬರೆ.

ನಿನ್ನ ಕಾರ್ಟೂನಿಗೆಂದು ನೀನು ಕೇಳಿದ ಸುತ್ತೋಲೆಯನ್ನು ಭಾನುವಾರ ನಿನ್ನ ಭಾವನ ಮೊಬೈಲಿನಲ್ಲಿ ಓದಿ ಕಳಿಸಿದ್ದೇನೆ. ಅದರಲ್ಲಿ ನಗುವಂಥದ್ದು ಏನಿದೆಯೋ ನನಗಂತೂ ತಿಳಿಯಲಿಲ್ಲ. ಕಚೇರಿಯ ಗೋಡೆ ಗಡಿಯಾರ ಹತ್ತು ನಿಮಿಷ ಹಿಂದೆ ಓಡುತ್ತಿದೆ. ನಮ್ಮವರು ಬರುವಾಗ ಗೋಡೆ ಗಡಿಯಾರ ನೋಡುತ್ತಾರೆ, ಹೋಗುವಾಗ ಕೈಗಡಿಯಾರ ನೋಡುತ್ತಾರೆ. ಅದಕ್ಕೆ ಆಯುಕ್ತರು, ಗೋಡೆ ಗಡಿಯಾರ ದುರಸ್ತಿಯಾಗುವವರೆಗೆ ಎಲ್ಲ ಸಿಬ್ಬಂದಿಯೂ ತಮ್ಮ ಗಡಿಯಾರಗಳನ್ನು ಹತ್ತು ನಿಮಿಷ ಹಿಂದಕ್ಕೆ ಇಟ್ಟುಕೊಳ್ಳತಕ್ಕದ್ದು ಎಂದು ಆದೇಶಿಸಿದರು. ಇಷ್ಟೇ. ನಿನ್ನ ಭಾವ ಗಡಿಯಾರ ರಿಪೇರಿಯವರಲ್ಲವೇ, ಕೊಡಿ, ಅರ್ಧ ಗಂಟೆಯ ಕೆಲಸ ಅಂದರು. ನೌಕರರ ಸಂಬಂಧಿಕರಿಂದ ಕಚೇರಿಯ ಕೆಲಸ ಮಾಡಿಸುವಂತಿಲ್ಲ ಎಂದು ಇನ್ನೊಂದು ಸುತ್ತೋಲೆ ಇದೆ. ಅದನ್ನೂ ನಾನೇ ಓದಿದ್ದು.

ಓದುವ ಪದ್ಧತಿ ನಿನಗೆ ಗೊತ್ತಲ್ಲ. ಸೋಮವಾರ ಬೆಳಿಗ್ಗೆ ನಡುಮನೆಯಷ್ಟಗಲದ ಆ ಹಾಲಿನಲ್ಲಿ ಎಲ್ಲರೂ ನಿಲ್ಲಬೇಕು, ನಾನು ವಾರದ ಆದೇಶಗಳನ್ನು ಗಟ್ಟಿಯಾಗಿ ಓದಬೇಕು, ಆಮೇಲೆ ಒಬ್ಬೊಬ್ಬರೂ ರಿಜಿಸ್ಟರಿನಲ್ಲಿ ‘ಓದಿ ಹೇಳಲಾಗಿದೆ, ಕೇಳಿದ್ದೇನೆ’ ಎನ್ನುವ ಕಡೆ ಸಹಿ ಹಾಕಬೇಕು. ಹಿಂದೆ ಯಾರೋ ಒಬ್ಬರು ಆದೇಶ ನೋಡಲೇ ಇಲ್ಲ ಎಂದು ವಿಚಾರಣೆಯಿಂದ ಪಾರಾದರಂತೆ. ಅಂದಿನಿಂದ ನಡೆದು ಬಂದಿದೆ.

ಸೂಪರಿಂಟೆಂಡೆಂಟರು ಬರುವ ವರ್ಷ ಏಪ್ರಿಲ್‌ಗೆ ನಿವೃತ್ತರಾಗುತ್ತಾರೆ. ಬಡ್ತಿಯ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಹನ್ನೊಂದು ವರ್ಷದಿಂದಲೂ ಮೊದಲ ಹೆಸರೇ, ಎರಡು ಸಲ ಎರಡನೆಯ ಹೆಸರಿನವರಿಗೆ ಕೊಟ್ಟರು. ಈ ಸಲ ತಪ್ಪಬಾರದು.

ನೀನು ಬರೆಯುವುದು ದೊಡ್ಡವರು ನೋಡುವ ಕಾರ್ಟೂನ್ ಅಂದೆಯಲ್ಲ, ಹೇಳಿದರೆ ಇಲ್ಲಿ ಯಾರೂ ನಂಬುತ್ತಿಲ್ಲ. ಮಕ್ಕಳಾದರೆ ಒಂದು ವಯಸ್ಸಿಗೆ ಬಿಡುತ್ತವೆ.

ಅಕ್ಕ


ಏಪ್ರಿಲ್ 2

ಅಕ್ಕಾ,

ರೆಕಾರ್ಡಿಂಗ್ ತಲುಪಿತು. ಇದು ಅದರ ರಸೀದಿ ಎಂದುಕೋ.

ನಮ್ಮ ಕೆಲಸ ಹೇಗೆ ನಡೆಯುತ್ತದೆ ಎಂದು ಕೇಳಿದ್ದೆ. ಒಂದು ಕೋಣೆ, ಉದ್ದ ಮೇಜು, ಏಳು ಜನ ಬರಹಗಾರರು. ಎಲ್ಲರ ಮೇಲೆ ಒಬ್ಬರು, ಅವರಿಗೆ ನಾವು ಹೆಡ್ಮಾಸ್ಟರು ಎನ್ನುತ್ತೇವೆ. ಜೋಕು ಹೇಳಿದರೆ ಅವರು ನಗುವುದಿಲ್ಲ, ‘ಇದು ತಮಾಷೆ’ ಎಂದು ಬರೆದುಕೊಳ್ಳುತ್ತಾರೆ. ನಮ್ಮ ಕಾರ್ಟೂನಿನ ಊರಲ್ಲಿ ಎಲ್ಲರೂ ಪ್ರಾಣಿಗಳು. ಮೇಯರ್ ಒಂದು ಹೆಬ್ಬಾತು. ಅವನ ಆದೇಶಗಳನ್ನು ಓದಲು ಕಚೇರಿಯಲ್ಲಿ ಒಬ್ಬ ಹೆಂಗಸು ಇದ್ದಾಳೆ, ಅವಳೊಬ್ಬಳೇ ಮನುಷ್ಯಳು.

ಕಾರ್ಟೂನಿನಲ್ಲಿ ಮೊದಲು ಧ್ವನಿ, ಆಮೇಲೆ ಬಾಯಿ. ಧ್ವನಿ ಕೇಳಿಸಿಕೊಂಡು ಅದಕ್ಕೆ ತಕ್ಕ ಹಾಗೆ ತುಟಿ ಬರೆಯುತ್ತಾರೆ. ನಟ ನಟಿಯರು ಬರುವವರೆಗೆ ಕಾಯಲಾಗುವುದಿಲ್ಲ, ಅದಕ್ಕೆ ಯಾರದಾದರೂ ಧ್ವನಿಯಲ್ಲಿ ತಾತ್ಕಾಲಿಕವಾಗಿ ಓದಿಸಿಟ್ಟುಕೊಳ್ಳುತ್ತೇವೆ. ನಿನ್ನದು ಅಂಥದ್ದು. ಆಮೇಲೆ ಅಳಿಸಿ ನಟಿಯ ಧ್ವನಿ ಹಾಕುತ್ತಾರೆ. ಪ್ರಸಾರಕ್ಕೆ ಇನ್ನೂ ಒಂಬತ್ತು ತಿಂಗಳಿದೆ. ನಿನ್ನ ಧ್ವನಿ ಹೊರಗಿನ ಯಾರ ಕಿವಿಗೂ ಬೀಳುವುದಿಲ್ಲ, ಹೆದರಬೇಡ.

ಇದರ ಜೊತೆ ಎಂಟು ಆದೇಶ ಇಟ್ಟಿದ್ದೇನೆ. ಮೂರು ನೀನೇ ಹಿಂದೆ ಬರೆದು ತಿಳಿಸಿದವು, ಐದು ನಾನು ಕಟ್ಟಿದವು. ಹಾಗೇ ಓದಿ ಕಳಿಸು. ಕೋಣೆಯಲ್ಲಿ ನಿನ್ನ ಗಡಿಯಾರದ್ದು ಹಾಕಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೆಡ್ಮಾಸ್ಟರೂ ನಕ್ಕರು.

ತಮ್ಮ


ಏಪ್ರಿಲ್ 20

ತಮ್ಮಾ,

ಎಂಟನ್ನೂ ಓದಿ ಕಳಿಸಿದ್ದೇನೆ. ಯಾವುದು ನಿನ್ನದು, ಯಾವುದು ನಮ್ಮದು ಎಂದು ಓದುವಾಗ ಗೊತ್ತಾಗಲಿಲ್ಲ. ರಸ್ತೆಯ ಗುಂಡಿಗಳನ್ನು ಇನ್ನು ಮುಂದೆ ಕಿರುಕೆರೆಗಳೆಂದು ಪರಿಗಣಿಸತಕ್ಕದ್ದು ಎಂಬುದಕ್ಕೆ ಜಾರಿಗೆ ಬರುವ ದಿನಾಂಕ ಇರಲಿಲ್ಲ, ಹಾಕಿದ್ದೇನೆ. ಕೆರೆ ಎಂದ ಮೇಲೆ ಒತ್ತುವರಿ ಆಗುತ್ತದೆ, ಅದಕ್ಕೊಂದು ಸಾಲು ಬೇಕು, ಸೇರಿಸಿದ್ದೇನೆ. ದಿನಾಂಕ ಇಲ್ಲದ ಆದೇಶವನ್ನು ಯಾರೂ ಕೇಳುವುದಿಲ್ಲ.

ಒಂದು ಮಾತು. ಎಲ್ಲರೂ ನಕ್ಕರು ಅಂದೆ. ಯಾವುದಕ್ಕೆ ನಕ್ಕರು, ಆದೇಶಕ್ಕೋ ಓದಿದ್ದಕ್ಕೋ?

ಅಕ್ಕ


ಆಗಸ್ಟ್ 9

ಅಕ್ಕಾ,

ತಡವಾಯಿತು, ಬೈಯಬೇಡ. ಒತ್ತುವರಿಯ ಸಾಲನ್ನು ಒಂದಕ್ಷರ ಮುಟ್ಟದೆ ಉಳಿಸಿಕೊಂಡಿದ್ದೇವೆ. ಏಳು ಜನ ಸೇರಿ ಒಂದು ವಾರ ಹುಡುಕಿದರೂ ಅಂಥದ್ದು ಸಿಗುತ್ತಿರಲಿಲ್ಲ. ಆ ಹೆಂಗಸಿಗೆ ಸೀಲಮ್ಮ ಎಂದು ಹೆಸರಿಟ್ಟಿದ್ದೇವೆ. ಚಿತ್ರ ಬರೆಯುವವರು ಅವಳ ಕನ್ನಡಕಕ್ಕೂ ನಿನ್ನದರ ಹಾಗೆ ದಾರ ಕಟ್ಟಿದ್ದಾರೆ, ನಾನು ಹೇಳಿದ್ದಲ್ಲ.

ನಟಿ ಮುಂದಿನ ತಿಂಗಳು ಬರುತ್ತಾಳೆ. ಹೆಸರು ಮಾಡಿದವಳು. ನಿನ್ನ ಪ್ರಶ್ನೆಗೆ ಉತ್ತರ, ಆದೇಶಕ್ಕೆ ನಕ್ಕಿದ್ದು.

ತಮ್ಮ


ಜನವರಿ 18

ತಮ್ಮಾ,

ಶುಕ್ರವಾರ ಸಂಜೆ ನಿನ್ನ ಭಾವ ಮುಂದಿನ ಕೋಣೆಯಲ್ಲಿ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರ ಬಿಚ್ಚಿ ಕೂತಿದ್ದರು. ಟೀವಿ ಪಾಡಿಗೆ ಟೀವಿ ಓಡುತ್ತಿತ್ತು. ಇದ್ದಕ್ಕಿದ್ದಂತೆ ‘ಆಯ್ತು, ಬಂದೆ’ ಎಂದು ಎದ್ದರು. ನೋಡಿದರೆ ನಾನು ಅವರೆದುರೇ ಚಹಾ ಹಿಡಿದು ನಿಂತಿದ್ದೇನೆ. ಕರೆದದ್ದು ಟೀವಿ. ಒಂದು ಸ್ಕ್ರೂ ಕೈಜಾರಿ ಹೋಯಿತು, ಇನ್ನೂ ಸಿಕ್ಕಿಲ್ಲ.

ಅಳಿಸುತ್ತಾರೆ ಅಂದಿದ್ದೆ. ಅಳಿಸಿಲ್ಲ. ಗಡಿಯಾರದ ಆದೇಶ ಮೊದಲಿನಿಂದ ಕೊನೆಯವರೆಗೆ ನನ್ನ ಧ್ವನಿಯಲ್ಲೇ ಇದೆ. ಹೆಬ್ಬಾತು ತನ್ನ ಕೈಗಡಿಯಾರ ತಿರುಗಿಸಲು ಹೋಗಿ, ಕೈಯೇ ಇಲ್ಲ ಎಂದು ಗಾಬರಿಯಾದಾಗ ನಿನ್ನ ಭಾವ ನಕ್ಕರು. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದರು.

ಸೋಮವಾರ ನಲ್ಲಿ ಸಂಪರ್ಕದ ಅರ್ಜಿ ಹಿಡಿದು ಒಬ್ಬ ಯಜಮಾನರು ಕಿಟಕಿಗೆ ಬಂದರು. ಅರ್ಜಿ ಕೊಡದೆ ನನ್ನನ್ನೇ ನೋಡಿದರು. ‘ಅಮ್ಮಾ, ಒಂದ್ಸಲ ಇಟ್ಟುಕೊಳ್ಳತಕ್ಕದ್ದು ಅನ್ನಿ’ ಅಂದರು. ಹಿಂದೆ ಸಾಲು ಬೆಳೆಯುತ್ತಿತ್ತು, ಅಂದು ಕಳಿಸಿದೆ. ನನಗೇನೂ ಅನ್ನಿಸಲಿಲ್ಲ.

ಕಚೇರಿಯಲ್ಲಿ ಎಲ್ಲ ಸರಿಯಾಗಿದೆ. ಇದು ಹೇಗಾಯಿತು ಎಂದು ಬರೆ.

ಅಕ್ಕ


ಜನವರಿ 30

ಅಕ್ಕಾ,

ತಪ್ಪಾಗಿದೆ. ಧ್ವನಿ ವಿಭಾಗದವರು ಕಡೆಯ ಗಳಿಗೆಯಲ್ಲಿ ಹಳೆಯ ಫೈಲನ್ನೇ ಸೇರಿಸಿಬಿಟ್ಟಿದ್ದಾರೆ. ನಮ್ಮ ಗಮನಕ್ಕೆ ಬರುವಷ್ಟರಲ್ಲಿ ಪ್ರಸಾರವಾಗಿತ್ತು.

ಆದರೆ ಏನಾಗಿದೆ ಗೊತ್ತೇ, ಎಲ್ಲೆಲ್ಲೂ ಸೀಲಮ್ಮನದೇ ಮಾತು. ಜನ ಮನೆಯಲ್ಲಿ ಕೂತು ಅವಳ ಧಾಟಿಯಲ್ಲಿ ಆದೇಶ ಬರೆದು ನಮಗೆ ಕಳಿಸುತ್ತಿದ್ದಾರೆ. ಯಾವ ನಟಿ ಎಂದು ಪತ್ರಿಕೆಯವರು ಕೇಳಿದರು, ನಾವು ಹೇಳಲಿಲ್ಲ. ನಿಮ್ಮ ಕಚೇರಿಯವರು ಇಂಥದ್ದನ್ನು ನೋಡುವವರಲ್ಲ ಎಂದು ನೀನೇ ಹೇಳುತ್ತಿದ್ದೆಯಲ್ಲ. ಸ್ವಲ್ಪ ದಿನ ಹೀಗೇ ಬಿಡೋಣವೇ?

ತಮ್ಮ


ಫೆಬ್ರವರಿ 26

ಇವರಿಂದ: ಹಿರಿಯ ಗುಮಾಸ್ತೆ, ರವಾನೆ ವಿಭಾಗ
ಇವರಿಗೆ: ಬರಹಗಾರರು, ಕಾರ್ಟೂನ್
ವಿಷಯ: ಧ್ವನಿಯನ್ನು ತೆಗೆದುಹಾಕುವ ಬಗ್ಗೆ
ಉಲ್ಲೇಖ: ತಮ್ಮ ಜನವರಿ 30ರ ಪತ್ರ

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ಕಾರ್ಟೂನಿನಲ್ಲಿ ಬಂದ ಗಡಿಯಾರದ ಸುತ್ತೋಲೆಯು ಈ ಕಚೇರಿಯ ಕಡತದಲ್ಲೂ ಇರುವುದನ್ನು ಮೇಲಧಿಕಾರಿಗಳು ಪತ್ತೆ ಮಾಡಿರುತ್ತಾರೆ. ಈ ಸಂಬಂಧ ವಿಚಾರಣಾಧಿಕಾರಿಯೊಬ್ಬರು ನೇಮಕವಾಗಿದ್ದು, ಸಿಬ್ಬಂದಿಯೆಲ್ಲರನ್ನೂ ಹಾಲಿನಲ್ಲಿ ನಿಲ್ಲಿಸಿ ಸದರಿ ಕಾರ್ಟೂನನ್ನು ಮೂರು ಬಾರಿ ತೋರಿಸಿರುತ್ತಾರೆ.

ತದನಂತರ ಕಚೇರಿಯ ಯಾವುದೇ ಆದೇಶವನ್ನು ಕೇಳಿದವರಿಗೆ ನಗು ಬರುವ ರೀತಿಯಲ್ಲಿ ಓದತಕ್ಕದ್ದಲ್ಲ ಎಂದು ಹೊಸ ಸುತ್ತೋಲೆ ಹೊರಡಿಸಲಾಗಿದ್ದು, ಅದನ್ನು ಪದ್ಧತಿಯಂತೆ ನಾನೇ ಓದಿರುತ್ತೇನೆ. ಯಾರೂ ನಕ್ಕಿರುವುದಿಲ್ಲ. ಟೈಪಿಸ್ಟ್ ಮಾತ್ರ ಓದು ಮುಗಿಯುವವರೆಗೂ ಮೇಜಿನ ಡ್ರಾಯರಿನಲ್ಲಿ ತಲೆಯಿಟ್ಟು ಏನನ್ನೋ ಹುಡುಕುತ್ತಿದ್ದರು.

ಸೂಪರಿಂಟೆಂಡೆಂಟ್ ಹುದ್ದೆಯ ಕಡತವನ್ನು ವಿಚಾರಣೆ ಮುಗಿಯುವವರೆಗೆ ತಡೆಹಿಡಿಯಲಾಗಿದೆ. ಆದ್ದರಿಂದ ಮುಂದಿನ ಪ್ರಸಾರದೊಳಗಾಗಿ ಧ್ವನಿಯನ್ನು ತೆಗೆದುಹಾಕಿ, ಕ್ರಮ ಕೈಗೊಂಡ ಬಗ್ಗೆ ವರದಿ ಸಲ್ಲಿಸುವುದು.

ತಮ್ಮ ವಿಶ್ವಾಸಿ,
(ಸಹಿ)


ಮಾರ್ಚ್ 10

ಅಕ್ಕಾ,

ನನಗೆ ‘ತಾವು’ ಎಂದು ಬರೆದಿದ್ದೀಯ. ಮೂರು ಸಲ ಓದಿದೆ. ಬೈದಿದ್ದರೆ ಇದಕ್ಕಿಂತ ವಾಸಿಯಿತ್ತು.

ಧ್ವನಿ ತೆಗೆಸಿದ್ದೇನೆ. ಈ ವಾರದಿಂದ ನಟಿಯೇ ಮಾತಾಡುತ್ತಾಳೆ. ತುಟಿಯನ್ನು ಹೊಸದಾಗಿ ಬರೆಯಲು ಸಮಯವಿಲ್ಲ, ಅದು ನಿನ್ನ ಮಾತಿಗೆ ಬರೆದ ತುಟಿಯೇ. ನೀನು ಪ್ರತಿ ‘ತಕ್ಕದ್ದು’ವಿನ ಮುಂಚೆ ಒಂದು ಉಸಿರು ನಿಲ್ಲುತ್ತೀಯ, ಅವಳು ನಿಲ್ಲುವುದಿಲ್ಲ. ಸೀಲಮ್ಮನ ಬಾಯಿ ಮಾತು ಮುಗಿದ ಮೇಲೂ ತೆರೆದೇ ಇರುತ್ತದೆ.

ಇನ್ನೊಂದು ಹೇಳಬೇಕು. ಫೈಲು ತಪ್ಪಿ ಸೇರಿತು ಎಂದು ಬರೆದಿದ್ದೆ. ಸುಳ್ಳು. ಸೆಪ್ಟೆಂಬರಿನಲ್ಲೇ ನಟಿ ಬಂದು ಓದಿಕೊಟ್ಟು ಹೋಗಿದ್ದಳು. ಎರಡನ್ನೂ ಪಕ್ಕಪಕ್ಕ ಕೇಳಿಸಿ ಯಾವುದು ಇರಲಿ ಎಂದು ಹೆಡ್ಮಾಸ್ಟರು ನನ್ನನ್ನು ಕೇಳಿದರು. ನಿನ್ನದೇ ಇರಲಿ ಅಂದೆ. ಈ ಕೆಲಸಕ್ಕೆ ಸೇರಿ ಆರು ವರ್ಷವಾಯಿತು, ನಾನು ತಂದ ಒಂದು ಪಾತ್ರವೂ ಎರಡು ಕಂತು ದಾಟಿರಲಿಲ್ಲ. ಇದು ದಾಟುತ್ತದೆ ಎಂದು ಗೊತ್ತಿತ್ತು. ಆಸೆಗೆ ಬಿದ್ದೆ.

ತಮ್ಮ


ಏಪ್ರಿಲ್ 4

ತಮ್ಮಾ,

ವಿಚಾರಣೆ ಮುಗಿಯಿತು. ಧ್ವನಿ ನನ್ನದಲ್ಲ ಎಂದು ತೀರ್ಮಾನವಾಗಿದೆ. ಬಡ್ತಿಯ ಆದೇಶ ಬಂದಿದೆ. ಗಡಿಯಾರ ಇನ್ನೂ ಹತ್ತು ನಿಮಿಷ ಹಿಂದೆ.

ಅಕ್ಕ


ಏಪ್ರಿಲ್ 25

ಸೂಪರಿಂಟೆಂಡೆಂಟ್ ಮೇಡಂ ಅವರಿಗೆ,

ಪತ್ರ ನಾಲ್ಕೇ ಸಾಲಿದ್ದರೂ ಓದಿ ಕುಣಿದೆ. ಮೇಜಿಗೆ ಗಾಜು ಹಾಕಿಸಿಕೊಟ್ಟಿದ್ದಾರೆಯೇ? ಭಾವ ಏನಂದರು?

ನಿನ್ನ ಕೋಪ ಹೋಗಿಲ್ಲ ಎಂದು ಆ ನಾಲ್ಕು ಸಾಲಿನಲ್ಲೇ ತಿಳಿಯಿತು. ನಿನ್ನನ್ನು ನಗೆಪಾಟಲು ಮಾಡಿದೆ ಅನ್ನಿಸಿರಬೇಕು. ಇನ್ನು ಅಂಥದ್ದು ಆಗುವುದಿಲ್ಲ. ಸೀಲಮ್ಮನನ್ನು ಕಥೆಯಿಂದ ತೆಗೆಯುತ್ತಿದ್ದೇವೆ. ನಟಿಯ ಧ್ವನಿಗೆ ಯಾರೂ ನಗುತ್ತಿಲ್ಲ, ಹಳೆಯ ಸೀಲಮ್ಮ ಎಲ್ಲಿ ಎಂದು ಜನ ಕೇಳುತ್ತಿದ್ದಾರೆ. ಹೆಡ್ಮಾಸ್ಟರು ಅವಳಿಗೊಂದು ವರ್ಗಾವಣೆ ಆದೇಶ ಬರೆದುಬಿಡು, ಮುಗಿಸೋಣ ಅಂದರು. ಬರೆಯಲು ಕೂತಿದ್ದೇನೆ, ಅದಕ್ಕೂ ದಿನಾಂಕ ಹಾಕಬೇಕು ಎಂದು ನೆನಪಾಯಿತು.

ಸೀಲಮ್ಮ ಹೋದರೆ ಆ ಕೋಣೆಯಲ್ಲಿ ನನ್ನ ಕುರ್ಚಿಯೂ ಉಳಿಯುವುದು ಅನುಮಾನ. ಅದು ನಿನ್ನ ತಲೆನೋವಲ್ಲ. ನಿನಗೆ ಸಿಗಬೇಕಾದ್ದು ಸಿಕ್ಕಿತಲ್ಲ, ಸಾಕು.

ತಮ್ಮ


ಮೇ 12

ತಮ್ಮಾ,

ಗಾಜು ಹಾಕಿಸಿದ್ದಾರೆ. ಕುರ್ಚಿಗೆ ಕೈಗಳೂ ಇವೆ. ನಾಲ್ಕು ಸಾಲಿನಲ್ಲಿ ಬಿಟ್ಟದ್ದನ್ನು ಈಗ ಬರೆಯುತ್ತೇನೆ.

ವಿಚಾರಣಾಧಿಕಾರಿ ಮಾರ್ಚ್ ಕೊನೆಗೆ ಮತ್ತೆ ಬಂದರು. ಹೊಸ ಕಂತುಗಳಲ್ಲಿ ಬೇರೆ ಹೆಂಗಸಿನ ಧ್ವನಿ ಇದೆ, ಆದ್ದರಿಂದ ಹಳೆಯದರಲ್ಲಿ ಇದ್ದದ್ದೂ ಬೇರೆಯವರದೇ ಇರಬೇಕು ಎಂದು ಅವರೇ ಬರೆದುಕೊಂಡು ಬಂದಿದ್ದರು. ಒಳ್ಳೆಯ ಮನುಷ್ಯ, ಬೇಗ ಮುಗಿಸಿ ಊರಿಗೆ ಹೋಗಬೇಕಿತ್ತು. ನಾನು ಒಂದು ಹೇಳಿಕೆ ಕೊಟ್ಟರೆ ಸಾಕು ಅಂದರು. ಬರೆದುಕೊಟ್ಟೆ. ಸಹಿ ಹಾಕಲು ಪೆನ್ನು ತೆಗೆದರೆ ತಡೆದರು. ಈ ಕಚೇರಿಯಲ್ಲಿ ಯಾವ ಹೇಳಿಕೆಯಾದರೂ ಎಲ್ಲರೆದುರು ಓದಿದ ಮೇಲೇ ಸಿಂಧು, ಅದು ನಿಮ್ಮದೇ ನಿಯಮ ಅಂದರು. ನಿಜ, ಆ ನಿಯಮವನ್ನೂ ನಾನೇ ಓದಿದ್ದೆ.

ಹಾಲಿನಲ್ಲಿ ಎಲ್ಲರೂ ನಿಂತರು. ನಾನು ಕನ್ನಡಕ ಏರಿಸಿಕೊಂಡು ಓದಿದೆ. ಸದರಿ ಕಾರ್ಟೂನಿನಲ್ಲಿ ಕೇಳಿಬರುವ ಧ್ವನಿಯು ನನ್ನದಲ್ಲವೆಂದೂ, ನನ್ನದೆಂದು ಯಾರೂ ಭಾವಿಸತಕ್ಕದ್ದಲ್ಲವೆಂದೂ. ಆ ‘ತಕ್ಕದ್ದು’ವಿನ ಮುಂಚೆ ನಿಲ್ಲಬಾರದು ಎಂದುಕೊಂಡಿದ್ದೆ. ನಿಂತೆ. ಇಪ್ಪತ್ತೇಳು ವರ್ಷದ ಅಭ್ಯಾಸ, ಎಲ್ಲಿ ಹೋಗುತ್ತದೆ.

ಅಧಿಕಾರಿ ತಲೆ ಎತ್ತದೆ ಹೇಳಿದರು, ‘ಸ್ವಲ್ಪ ಜೋರಾಗಿ ಓದಿ ಮೇಡಂ. ಹಿಂದಿನವರಿಗೆ ಕೇಳಿಸ್ತಿಲ್ಲ.’

ಜೋರಾಗಿ ಇನ್ನೊಮ್ಮೆ ಓದಿದೆ. ಟೈಪಿಸ್ಟ್ ಈ ಸಲ ಡ್ರಾಯರಿನಲ್ಲಿ ತಲೆಯಿಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿತ್ತು. ಆಮೇಲೆ ನಲವತ್ತೊಂದು ಜನ ಸಾಲಾಗಿ ಬಂದು ‘ಓದಿ ಹೇಳಲಾಗಿದೆ, ಕೇಳಿದ್ದೇನೆ’ ಎಂದು ಸಹಿ ಹಾಕಿದರು. ಅಧಿಕಾರಿಯೂ ಹಾಕಿದರು. ಎಲ್ಲರೂ ಕೇಳಿದ್ದಂತೂ ನಿಜ.

ಬಡ್ತಿ ಬಂತು. ಅದರ ಮುಂದಿನ ಸೋಮವಾರ ಸುತ್ತೋಲೆ ಹಿಡಿದು ನಿಂತೆ, ಧ್ವನಿ ಹೊರಡಲಿಲ್ಲ. ಗಂಟಲು ಕೆಟ್ಟಿದೆ ಎಂದು ಟೈಪಿಸ್ಟ್ ಕೈಯಲ್ಲಿ ಓದಿಸಿದೆ. ಅದರ ಮುಂದಿನ ಸೋಮವಾರವೂ ಅಷ್ಟೆ. ಗಂಟಲಿಗೆ ಏನೂ ಆಗಿಲ್ಲ, ಮನೆಯಲ್ಲಿ ಚೆನ್ನಾಗಿಯೇ ಮಾತಾಡುತ್ತೇನೆ. ಅಲ್ಲಿ ನಿಂತರೆ ಮಾತ್ರ, ಧ್ವನಿ ನನ್ನದಲ್ಲ ಎಂದು ಬರೆದುಕೊಟ್ಟುಬಿಟ್ಟಿದ್ದೇನಲ್ಲ, ಈಗ ಯಾರದನ್ನು ತೆಗೆದು ಓದಲಿ ಅನ್ನಿಸುತ್ತದೆ.

ನಾನು ಕೋಪ ಮಾಡಿಕೊಂಡಿದ್ದೇನೆ ಎಂದುಕೊಂಡೆಯಲ್ಲ, ಹೌದು. ನೀನು ಕೇಳದೆ ಹಾಕಿದ್ದಕ್ಕೆ ಕೋಪ ಬಂತು. ಆಮೇಲೆ ನೀನು ಅಷ್ಟು ಬೇಗ ತೆಗೆದದ್ದಕ್ಕೂ ಬಂತು. ಎರಡನೆಯದು ಜಾಸ್ತಿ. ತೆಗೆ ಎಂದು ಬರೆದವಳೂ ನಾನೇ, ಗೊತ್ತಿದೆ.

ಆ ಯಜಮಾನರ ವಿಷಯ ಬರೆದಿದ್ದೆನಲ್ಲ. ನನಗೇನೂ ಅನ್ನಿಸಲಿಲ್ಲ ಅಂದಿದ್ದೆ, ಅದು ಸುಳ್ಳು. ಅಷ್ಟು ವರ್ಷ ಆ ಕಿಟಕಿಯಲ್ಲಿ ಕೂತಿದ್ದೆ, ಜನ ನನ್ನ ಕೈ ನೋಡುತ್ತಿದ್ದರು, ಸೀಲು ಬಿತ್ತೋ ಇಲ್ಲವೋ ಎಂದು. ಮುಖ ನೋಡಿದವರು ಅವರೇ ಮೊದಲು. ಅವತ್ತು ಮನೆಗೆ ನಡೆದು ಬರುವಾಗ ದಾರಿಯಲ್ಲಿ ಇನ್ನೂ ಎರಡು ಸಲ ಇಟ್ಟುಕೊಳ್ಳತಕ್ಕದ್ದು ಎಂದು ಹೇಳಿಕೊಂಡೆ.

ನಿನ್ನ ನಟಿಯನ್ನೂ ನೋಡಿದೆ. ಅವಳು ನಗಿಸಲು ಹೊರಟಿದ್ದಾಳೆ, ಅದಕ್ಕೇ ಕೆಟ್ಟಿದೆ. ನಾನು ಓದಿದ್ದೆ, ಅಷ್ಟೆ.

ಅಕ್ಕ


ಮೇ 21

ಅಕ್ಕಾ,

ನಿನ್ನ ಪತ್ರವನ್ನು ಕೋಣೆಗೆ ಒಯ್ಯಲಿಲ್ಲ. ಇಷ್ಟು ವರ್ಷ ನೀನು ಬರೆದದ್ದನ್ನೆಲ್ಲ ಒಯ್ದಿದ್ದೇನೆ, ಇದನ್ನು ಒಯ್ಯಲಿಲ್ಲ. ‘ಹಿಂದಿನವರಿಗೆ ಕೇಳಿಸ್ತಿಲ್ಲ’ ಎನ್ನುವ ಒಂದು ಸಾಲು ಸಿಕ್ಕರೆ ಉಳಿದ ಆರು ಜನ ಮೇಜಿನ ಮೇಲೆ ಹತ್ತಿ ಕುಣಿಯುತ್ತಾರೆ. ನನ್ನ ಕುರ್ಚಿಯೂ ಉಳಿಯುತ್ತದೆ. ಆದರೂ ಬರೆಯುವುದಿಲ್ಲ. ನಿನಗೆ ಕೊಟ್ಟ ಮಾತು ಎಂದುಕೋ, ಇದು ಕಾಗದದಲ್ಲೇ ಇದೆ.

ಯಾವುದಕ್ಕೆ ನಕ್ಕರು ಎಂದು ಒಂದು ಸಲ ಕೇಳಿದ್ದೆ. ಓದಿದ್ದಕ್ಕೆ, ಅಕ್ಕಾ. ಆದರೆ ನಿನ್ನನ್ನು ನೋಡಿ ನಕ್ಕಿದ್ದಲ್ಲ. ಅಂಥ ಆದೇಶವನ್ನು ಇಷ್ಟು ಮರ್ಯಾದೆಯಿಂದ ಯಾರಾದರೂ ಓದಿದ್ದನ್ನು ಅವರು ಕೇಳಿರಲಿಲ್ಲ. ಇದನ್ನು ಆಗಲೇ ಬರೆಯಬೇಕಿತ್ತು.

ಸೀಲಮ್ಮನ ವರ್ಗಾವಣೆ ಆದೇಶ ಜೂನ್ ಮೊದಲ ಸೋಮವಾರ ಕೊಡಬೇಕು.

ತಮ್ಮ


ಮೇ 29

ಇವರಿಂದ: ಸೂಪರಿಂಟೆಂಡೆಂಟ್, ರವಾನೆ ವಿಭಾಗ
ಇವರಿಗೆ: ಮಾನ್ಯ ಆಯುಕ್ತರು, ನಗರಸಭೆ
ವಿಷಯ: ಹೇಳಿಕೆಯನ್ನು ಹಿಂಪಡೆಯುವ ಬಗ್ಗೆ
ಉಲ್ಲೇಖ: ಧ್ವನಿ ಕುರಿತು ನಾನು ನೀಡಿದ ಮಾರ್ಚ್ 29ರ ಹೇಳಿಕೆ

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಕಾರ್ಟೂನಿನಲ್ಲಿ ಕೇಳಿಬಂದ ಧ್ವನಿಯು ನನ್ನದಲ್ಲವೆಂದು ನಾನು ಉಲ್ಲೇಖಿತ ದಿನಾಂಕದಂದು ಹಾಲಿನಲ್ಲಿ ಓದಿ ಸಹಿ ಮಾಡಿರುತ್ತೇನೆ. ಸದರಿ ಧ್ವನಿಯು ನನ್ನದೇ ಆಗಿರುತ್ತದೆ. ಓದುವಾಗ ಹಾಜರಿದ್ದ ನಲವತ್ತೊಂದು ಸಿಬ್ಬಂದಿಗೂ ವಿಚಾರಣಾಧಿಕಾರಿಗಳಿಗೂ ಇದು ಕೇಳಿಸಿರುವ ಬಗ್ಗೆ ರಿಜಿಸ್ಟರಿನಲ್ಲಿ ಅವರವರ ಸಹಿಯೇ ಇದೆ.

ಈ ಕಾರಣಕ್ಕಾಗಿ ನನ್ನ ಬಡ್ತಿಯನ್ನು ರದ್ದುಪಡಿಸುವುದಾದಲ್ಲಿ ನನ್ನ ಆಕ್ಷೇಪಣೆ ಇರುವುದಿಲ್ಲ. ಆದರೆ ರದ್ದತಿ ಆದೇಶವನ್ನು ಸೋಮವಾರ ಹಾಲಿನಲ್ಲಿ ಓದುವ ಕೆಲಸವನ್ನು ಪದ್ಧತಿಯಂತೆ ನನಗೇ ವಹಿಸಬೇಕೆಂದು ಕೋರುತ್ತೇನೆ. ಗಂಟಲು ಸರಿಯಾಗಿದೆ.

ತಮ್ಮ ವಿಶ್ವಾಸಿ,
(ಸಹಿ)

ನಕಲು: ಬರಹಗಾರರು, ಕಾರ್ಟೂನ್. ಮಾಹಿತಿಗಾಗಿ ಮತ್ತು ಮುಂದಿನ ಕ್ರಮಕ್ಕಾಗಿ. ವರ್ಗಾವಣೆ ಆದೇಶವನ್ನು ಕೂಡಲೇ ತಡೆಹಿಡಿಯತಕ್ಕದ್ದು.

ಲಗತ್ತು: ಮೇಲಿನ ಪತ್ರದ ಧ್ವನಿಮುದ್ರಣ, ಒಂದು. ಓದಿದವರು ನಾನೇ.